ಶಾರದೆಯ ಏಳು ಗಂಟಲು

ನನ್ನ ಹೆಂಡತಿ ಶಾರದೆಯ ಗಂಟಲಿನಲ್ಲಿ ಏನಿಲ್ಲವೆಂದರೂ ಏಳು ಜನ ವಾಸವಾಗಿದ್ದಾರೆ. ನಮ್ಮ ಆಫೀಸಿನ ನಿರ್ದೇಶಕರು ಮೂಗಿನಿಂದ ಫೈಲು ಕೇಳುವ ರೀತಿ, ದಿಲ್ಲಿಯ ಲೋಧಿ ಕಾಲೋನಿಯ ನಮ್ಮ ಬೀದಿಗೆ ಬರುವ ತರಕಾರಿ ಭಯ್ಯಾನ ರಾಗ, ಎದುರು ಮನೆಯ ಪಂಜಾಬಿ ಅಜ್ಜಿಯ ಬೈಗುಳ, ಎಲ್ಲವನ್ನೂ ಚಪಾತಿ ಲಟ್ಟಿಸುತ್ತಲೇ ಮಾಡಿ ತೋರಿಸುತ್ತಾಳೆ. ನಕ್ಕು ನಕ್ಕು ನಾನು ಎಷ್ಟೋ ಸಲ ಆಫೀಸಿಗೆ ತಡವಾಗಿ ಹೋಗಿದ್ದೇನೆ. ಆದರೆ ಮೈಕು ಕಂಡರೆ ಆ ಏಳು ಜನವೂ ಮನೆ ಖಾಲಿ ಮಾಡುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ವೇದಿಕೆ ಹತ್ತಿ, ಬಾಯಿ ಒಣಗಿ, ಒಂದಕ್ಷರವೂ ಹೊರಡದೆ ಇಳಿದು ಓಡಿದವಳು ಮತ್ತೆ ಹತ್ತಲಿಲ್ಲ. ಕನ್ನಡದವರು ಸೇರಿದಲ್ಲಿ ಯಾರಾದರೂ ಪ್ರಾರ್ಥನೆ ಹಾಡಿ ಎಂದರೆ ಸಾಕು, ಇಪ್ಪತ್ತೇಳು ವರ್ಷಗಳಿಂದ ಸರಿಯಾಗಿ ಆವತ್ತೇ ಅವಳಿಗೆ ಗಂಟಲು ನೋವು.

ಅಂಥವಳು 2007ರ ದಸರೆಗೆ ಮಕ್ಕಳ ನಾಟಕ ಮಾಡಿಸುತ್ತೇನೆ ಎಂದಾಗ ನಾನು ಕಾಫಿ ಚೆಲ್ಲಿಕೊಂಡೆ. ನಾಟಕ ಅವಳೇ ಬರೆದದ್ದು, ಹೆಸರು ‘ರಾಕ್ಷಸನಿಗೆ ನೆಗಡಿ’. ದಿಲ್ಲಿಯಲ್ಲೇ ಬೆಳೆದ ಮಕ್ಕಳಿಗೆ ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ರಾಕ್ಷಸನ ಪಾತ್ರದ ಚಿರಂತ್ ಮೊದಲ ದಿನವೇ, “ಆಂಟಿ, ಮುಝೆ ನೆಗಡಿ ಹೋ ಗಯಾ ಅಂತ ಹೇಳಲಾ?” ಎಂದು ಕೇಳಿದ. ಶಾರದೆ ಉಪಾಯ ಮಾಡಿದಳು. ಮಾತೆಲ್ಲ ಮೊದಲೇ ರೆಕಾರ್ಡ್ ಆಗಿರಬೇಕು, ಮಕ್ಕಳು ಸುಮ್ಮನೆ ಬಾಯಿ ಆಡಿಸಬೇಕು.

ಚಿರಂತನ ಅಪ್ಪ ಮಹಂತೇಶ್ ಇಂದಿರಾಪುರಂನ ಕಂಪ್ಯೂಟರ್ ಮನುಷ್ಯ. ಅವನು ನಮ್ಮ ಅಡುಗೆಮನೆಯ ಬಾಗಿಲು ಮುಚ್ಚಿಸಿ, ಅವಳೊಬ್ಬಳಿಂದಲೇ ಏಳೂ ಪಾತ್ರಗಳ ಮಾತನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡ. ಅಭ್ಯಾಸ ಮುಗಿದ ಮೇಲೆ, ಆಫೀಸಿನ ಯಂತ್ರದಲ್ಲಿ ರಾಕ್ಷಸರು ಇರಬಾರದೆಂದು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಸಾಗಿಸಿ, ಲ್ಯಾಪ್‌ಟಾಪಿನಿಂದ ಅಳಿಸಿಬಿಟ್ಟ. ಒಂದು ಸಿಡಿಯನ್ನೂ ಮಾಡಿಡಪ್ಪ ಎಂದೆ. ನನ್ನಂಥ ಗುಮಾಸ್ತನ ಟಿಪ್ಪಣಿಗೆ ಯಾರು ಬೆಲೆ ಕೊಡುತ್ತಾರೆ? ಡಿಸ್ಕು ಜೋಪಾನವಾಗಿರಲೆಂದು ನಮ್ಮ ಮನೆಯಲ್ಲೇ ಉಳಿಯಿತು. ಶಾರದೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನು ಹತ್ತದೆಯೇ ತನ್ನ ದನಿ ವೇದಿಕೆ ಹತ್ತುತ್ತದೆ, ಅವಳಿಗೆ ಅಷ್ಟೇ ಬೇಕಿತ್ತು.

ಮಹಾನವಮಿಯ ಸಂಜೆ ಐದಕ್ಕೆ ಸಮುದಾಯ ಭವನದಲ್ಲಿ ನಾಟಕ. ಮೂರೂವರೆಗೆ ಮಹಂತೇಶ್ ಡಿಸ್ಕನ್ನು ಸಿಕ್ಕಿಸಿದ. ಅದರ ನೀಲಿ ದೀಪವೇನೋ ಹತ್ತಿತು, ಲ್ಯಾಪ್‌ಟಾಪ್ ಮಾತ್ರ ಇವರು ಯಾರೋ ಗೊತ್ತಿಲ್ಲ ಎಂದು ಮುಖ ತಿರುಗಿಸಿತು. ಅವನು ಲ್ಯಾಪ್‌ಟಾಪಿನ ಇನ್ನೊಂದು ತೂತಿಗೆ ಸಿಕ್ಕಿಸಿ ನೋಡಿದ. ಯಾರದೋ ಕ್ಯಾಮೆರಾದ ವೈರು ತಂದು ಹಾಕಿದ. ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದ. ಡಿಸ್ಕುಗಳ ಪಟ್ಟಿ ತೆರೆದು ನೋಡಿದರೆ ಅದರ ಹೆಸರೇ ಇಲ್ಲ. ನಾನು ಎರಡು ಏಟು ಕೊಡು ಎಂದೆ, ಅವನು ಡಿಸ್ಕನ್ನು ನನ್ನ ಕೈಗೆ ಸಿಗದಂತೆ ಆಚೆಗೆ ಸರಿಸಿದ. ಭವನದ ಮೇಲ್ವಿಚಾರಕರ ಕಂಪ್ಯೂಟರಿಗೆ ಹಾಕಿದರೂ ಅದೇ ಕಥೆ. ಅಂದರೆ ಲ್ಯಾಪ್‌ಟಾಪಿನ ತಪ್ಪಲ್ಲ. ಕೊನೆಗೆ ಡಿಸ್ಕನ್ನು ಕಿವಿಗೆ ಹಿಡಿದು ಆಲಿಸಿದ. ಒಳಗೆ ಗುಂಯ್ ಎಂದು ತಿರುಗುತ್ತಿತ್ತು. ಜೀವ ಇದೆ, ತೊಂದರೆ ಇರುವುದು ಬಾಯಲ್ಲಿ ಎಂದ.

ಟಾರ್ಚು ಬಿಟ್ಟು, ನನ್ನ ಕನ್ನಡಕವನ್ನೂ ಕಿತ್ತುಕೊಂಡು, ವೈರು ಸಿಕ್ಕಿಸುವ ಕಿಂಡಿಯೊಳಗೆ ಇಣುಕಿದ. ಆಮೇಲೆ ಗುಂಡುಸೂಜಿಯಿಂದ ಮೆಲ್ಲಗೆ ಕೆರೆದ. ಒಣಗಿದ ಗಂಧ, ಅದರ ಮೇಲೆ ಕುಂಕುಮ, ಜೊತೆಗೆ ಅಕ್ಷತೆಯ ನುಚ್ಚು.

ನಾವಿಬ್ಬರೂ ಶಾರದೆಯ ಕಡೆ ತಿರುಗಿದೆವು. ಬೆಳಿಗ್ಗೆ ಆಯುಧಪೂಜೆಗೆ ಅವಳು ನನ್ನ ಪೆನ್ನು, ಸ್ಕೂಟರು, ಮಿಕ್ಸಿ, ಟಿವಿಯ ರಿಮೋಟು, ಯಾವುದನ್ನೂ ಬಿಟ್ಟಿರಲಿಲ್ಲ.

“ಹೊಸ ಯಂತ್ರ, ಒಂದು ಬೊಟ್ಟಾದರೂ ಬೇಡವೇನ್ರೀ?” ಎಂದಳು. “ಮೈಯೆಲ್ಲ ನುಣುಪು, ಎಲ್ಲಿಟ್ಟರೂ ನಿಲ್ಲಲಿಲ್ಲ. ಆ ಪುಟ್ಟ ಗೂಡಲ್ಲಿ ಚೆನ್ನಾಗಿ ನಿಂತಿತು.”

ಮಹಂತೇಶ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ. ನಗು ಮುಗಿದ ಮೇಲೆ ಲೆಕ್ಕ ಹೇಳಿದ: ಸ್ಪಿರಿಟ್ ಹುಡುಕಿ ತರಬೇಕು, ಹತ್ತಿಯಿಂದ ಒರೆಸಬೇಕು, ಪೂರ್ತಿ ಒಣಗಬೇಕು, ಒಂದು ಗಂಟೆಯಾದರೂ ಬೇಕು. ಆಗಲೇ ನಾಲ್ಕೂಮುಕ್ಕಾಲು. ಅವನು ನನ್ನ ಕನ್ನಡಕ ವಾಪಸು ಕೊಟ್ಟು ಮೆಡಿಕಲ್ ಸ್ಟೋರಿಗೆ ಓಡಿದ.

ನೀನೇ ಪರದೆಯ ಹಿಂದೆ ನಿಂತು ಮಾತಾಡಿಬಿಡು ಎಂದೆ ನಾನು. ಶಾರದೆಯ ಮುಖ ಬಿಳಿಚಿಕೊಂಡಿತು. “ನನ್ನ ಕೈಲಾಗಲ್ಲರೀ. ಬಾಯಿ ಒಣಗತ್ತೆ. ನಾಟಕ ಇಲ್ಲ ಅಂತ ಹೇಳಿಬಿಡಿ.” ಅವಳ ಕೈ ಹಿಡಿದೆ. ನನಗೆ ನಿಜವಾಗಿಯೂ ಪಾಪ ಅನಿಸಿತು. ನಾಟಕ ರದ್ದು ಎಂದು ಹೇಳಲು ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಪರದೆಯ ಹಗ್ಗ ಹಿಡಿದಿದ್ದ ಮಹಾಶಯ ಗಡಿಯಾರ ನೋಡಿ ಎಳೆದೇಬಿಟ್ಟ.

ವೇದಿಕೆಯ ನಡುವೆ ಚಿರಂತ್ ಒಬ್ಬನೇ. ತಲೆಗೆ ರಟ್ಟಿನ ಕೊಂಬು, ಕೆಂಪು ಬಳಿದ ಮೂಗು. ಹೇಳಿಕೊಟ್ಟಂತೆ ತಲೆ ಹಿಂದಕ್ಕೆ ಎಸೆದು, ಬಾಯಿ ಅಗಲಿಸಿ, ಸೀನಿಗಾಗಿ ಕಾಯುತ್ತ ನಿಂತ. ಸೀನು ಬರಲಿಲ್ಲ. ಬಾಯಿ ತೆರೆದುಕೊಂಡೇ ಅವನು ಕಣ್ಣನ್ನಷ್ಟೇ ಹೊರಳಿಸಿ ಪರದೆಯ ಬದಿಯಲ್ಲಿದ್ದ ಶಾರದೆಯ ಕಡೆ ನೋಡಿದ.

ಶಾರದೆ ನನ್ನ ಕೈ ಕೊಡವಿ, ಪಕ್ಕದಲ್ಲಿದ್ದ ನಿರೂಪಕರ ಮೈಕು ಕಸಿದುಕೊಂಡು ಸೀನಿದಳು. ಕಿಟಕಿಯ ಗಾಜು ಅದುರಿತು. ಮುಂದಿನ ಸಾಲಿನ ಮಗುವೊಂದು ಅಳತೊಡಗಿತು, ಉಳಿದವರೆಲ್ಲ ಹೋ ಎಂದು ನಕ್ಕರು. ಆ ನಗು ಕೇಳಿ ಅವಳು ಮತ್ತೊಮ್ಮೆ ಸೀನಿದಳು, ಇದು ನಾಟಕದಲ್ಲಿ ಇರಲೇ ಇಲ್ಲ. ಆಮೇಲೆ ರಾಣಿಯಾದಳು, ವೈದ್ಯನಾದಳು, ಕತ್ತೆಯಾದಳು. ವೈದ್ಯ ರಾಕ್ಷಸನ ಮೂಗಿನಲ್ಲಿ ಇಣುಕಿ, ಯಾರೋ ಮಹಾತಾಯಿ ಇದರೊಳಗೆ ಕುಂಕುಮ ಇಟ್ಟಿದ್ದಾಳೆ ಎಂದ. ಅಭ್ಯಾಸದಲ್ಲಿ ಕೇಳದೇ ಇದ್ದ ಮಾತಿಗೆಲ್ಲ ಮಕ್ಕಳು ತೋಚಿದಂತೆ ಬಾಯಿ ಆಡಿಸಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಕನ್ನಡಕವಂತೂ ಒದ್ದೆಯಾಗಿತ್ತು.

ಕೊನೆಯ ದೃಶ್ಯಕ್ಕೆ ಮಹಂತೇಶ್ ಏದುಸಿರು ಬಿಡುತ್ತ ಬಂದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಡಿಸ್ಕಿನ ಹೆಸರು ಮೂಡಿತ್ತು. ಬಂತು ಬಂತು ಎಂದು ಪಿಸುಗುಟ್ಟುತ್ತ ಅದನ್ನು ಶಾರದೆಯ ಮುಂದೆ ಹಿಡಿದು, ಸ್ಪೀಕರಿಗೆ ಸಿಕ್ಕಿಸಲು ಅಪ್ಪಣೆ ಕೇಳಿದ.

ಆಗ ಅವಳು ರಾಜನ ದನಿಯಲ್ಲಿದ್ದಳು. ಮೈಕಿನಿಂದ ಬಾಯಿ ತೆಗೆಯಲಿಲ್ಲ, ದನಿಯನ್ನೂ ಇಳಿಸಲಿಲ್ಲ.

“ಯಾರಲ್ಲಿ? ಆ ಪೆಟ್ಟಿಗೆಯನ್ನು ಆಚೆಗೆ ಒಯ್ಯಿರಿ. ನನ್ನ ಮಾತಿನ್ನೂ ಮುಗಿದಿಲ್ಲ.”

ವೇದಿಕೆಯ ಮೇಲೆ ಕಾಗದದ ಮೀಸೆ ಅಂಟಿಸಿಕೊಂಡು ರಾಜನಾಗಿದ್ದ ಪುಟ್ಟ ಅನನ್ಯಾ ಅದಕ್ಕೂ ಬಾಯಿ ಆಡಿಸಿ, ಬಾಗಿಲಿನ ಕಡೆ ಬೆರಳು ತೋರಿಸಿದಳು.