ಟ್ರಸ್ಟಿ ಬಂದ ದಿನ ಬಾಲವಾಡಿ ಖಾಲಿ

ಝುವಾರಿ ಸೇತುವೆಯ ಮೇಲೆ ಅದಿರಿನ ಲಾರಿ ಕೆಟ್ಟು ನಿಲ್ಲಬಹುದಿತ್ತು. ಮಕ್ಕಳಿಗೆಲ್ಲ ಒಟ್ಟಿಗೇ ಕಣ್ಣುಬೇನೆ ಬರಬಹುದಿತ್ತು. ಉಪ್ಪಿಟ್ಟಿನಲ್ಲಿ ಹುಳ ಸಿಗಬಹುದಿತ್ತು, ಅದೂ ಟ್ರಸ್ಟಿಯ ತಟ್ಟೆಯಲ್ಲೇ. ಯಾರದೋ ಗಂಡ ಬೆಳಿಗ್ಗೆಯೇ ಗೋವಾದ ಫೆಣಿ ಸಾರಾಯಿ ಏರಿಸಿಕೊಂಡು ಸ್ವಾಗತ ಭಾಷಣಕ್ಕೆ ನಿಲ್ಲಬಹುದಿತ್ತು. ಝೋಪಡಿ ಕೀಳಲು ಸರಕಾರದವರು ಅದೇ ಮುಹೂರ್ತ ಹುಡುಕಬಹುದಿತ್ತು. ವಾರವಿಡೀ ಇವನ್ನೆಲ್ಲ ಒಂದೊಂದಾಗಿ ನೆನೆದು ಬೆವರಿದ್ದೆ. ಕಚೇರಿಯಲ್ಲಿ ಹಾಜರಿ ಹಾಕುವಷ್ಟೇ ಕ್ರಮವಾಗಿ ಹೆದರುವವನು ನಾನು.

೧೯೮೯ನೇ ಇಸವಿ. ಮುಂಬಯಿಯ ಒಂದು ಧರ್ಮಾರ್ಥ ಟ್ರಸ್ಟಿನ ಪಣಜಿ ಕಚೇರಿಯಲ್ಲಿ ನಾನು ಫೀಲ್ಡ್ ಆಫೀಸರ್. ಸಣ್ಣ ಸಣ್ಣ ಸಂಘಗಳಿಗೆ ಟ್ರಸ್ಟ್ ಕೊಡುವ ಗ್ರ್ಯಾಂಟ್, ಅಂದರೆ ಅನುದಾನ, ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ನೋಡಿ ವರದಿ ಬರೆಯುವುದು ಕೆಲಸ. ಧಾರವಾಡದವನೆಂಬ ಒಂದೇ ಅರ್ಹತೆಯಿಂದ, ಮುರ್ಮುಗಾಂವ್ ಬಂದರಿನ ಹಿಂದಿನ ಗುಡ್ಡದ ಮೇಲಿದ್ದ ನಮ್ಮ ಕಡೆಯವರ ಬಾಲವಾಡಿ ನನ್ನ ಪಾಲಿಗೆ ಬಂದಿತ್ತು. ಬಾಗಲಕೋಟೆ, ವಿಜಾಪುರದ ಕಡೆಯಿಂದ ಬಂದ ಹೆಂಗಸರ ಮಂಡಳವೊಂದು ಅದನ್ನು ನಡೆಸುತ್ತಿತ್ತು. ತಾಯಂದಿರು ಕಟ್ಟಡಗಳಲ್ಲಿ ಸಿಮೆಂಟು ಹೊರಲು ಹೋದಾಗ ಮಕ್ಕಳು ಅಲ್ಲಿರುತ್ತಿದ್ದವು.

ಆ ವರ್ಷ ಗ್ರ್ಯಾಂಟಿನ ಅವಧಿ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಮುಂಬಯಿಯಿಂದ ಟ್ರಸ್ಟಿ ಮೇಡಂ ಸ್ವತಃ ಬಂದರು. ಮರಾಠಿ ಮಾತಿನ, ಅಪರೂಪಕ್ಕೆ ನಗುವ ಹಿರಿಯರು. ಅವರು ಬೇಡವೆಂದರೆ ಬಾಲವಾಡಿ ಮುಚ್ಚಿದಂತೆಯೇ.

ಸೇತುವೆ ಖಾಲಿ ಇತ್ತು. ಯಾರೂ ಕುಡಿದಿರಲಿಲ್ಲ. ಗುಡ್ಡ ಹತ್ತಿದರೆ ಬಾಲವಾಡಿ ಸುಣ್ಣ ಬಳಿಸಿಕೊಂಡು ಹೊಳೆಯುತ್ತಿತ್ತು. ಬಾಗಿಲಲ್ಲಿ ರಂಗೋಲಿ, ಮೇಲೆ ತೋರಣ. ಒಳಗೆ ಒಂದು ಮಗುವೂ ಇರಲಿಲ್ಲ.

ಮೇಡಂ ನನ್ನ ಮುಖ ನೋಡಿದರು. ಕಾಗದದ ಮೇಲಷ್ಟೇ ನಡೆಯುವ ಬಾಲವಾಡಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

"ಗಂಗವ್ವಾ, ಹುಡುಗ್ರು ಎಲ್ಲಿ?" ಮಂಡಳದ ಮುಖ್ಯಸ್ಥೆಯನ್ನು ಕೇಳಿದೆ.

"ತಾಯಂದ್ರ ಸಂಗಾಟ ಕಳಿಸೇವ್ರಿ. ದೊಡ್ಡ ಮಂದಿ ಬರ್ತಾರಂತ ನಿನ್ನೆ ಎಲ್ಲಾ ಸಾರಿಸಿ, ಸುಣ್ಣ ಹಚ್ಚೇವಿ. ಅವು ಇದ್ರ ಉಳೀತಿತ್ತೇನ್ರಿ? ಉಚ್ಚಿ ಹೊಯ್ದು ಹಾಳ ಮಾಡ್ತಿದ್ವು!" ಆಕೆ ಶಹಬ್ಬಾಸ್‌ಗಿರಿಗೆ ಕಾಯುತ್ತ ನಿಂತಿದ್ದಳು.

ಬೀಗರು ಬಂದಾಗ ಹುಡುಗರನ್ನು ಪಕ್ಕದ ಮನೆಗೆ ಅಟ್ಟುವ ನಮ್ಮ ಪದ್ಧತಿಯನ್ನು ಮರಾಠಿಯಲ್ಲಿ ವಿವರಿಸಲು ಹೋಗಿ ತೊದಲಿದೆ. ಮೇಡಂ ಕೇಳಿಸಿಕೊಂಡು, "ಮಕ್ಕಳು ಈಗ ಎಲ್ಲಿವೆಯೋ ಅಲ್ಲಿಗೆ ನಡೆಯಿರಿ," ಎಂದರು.

ಗುಡ್ಡದ ಬುಡದಲ್ಲಿ ಕಟ್ಟಡವೊಂದು ಏಳುತ್ತಿತ್ತು. ಮೂರನೆಯ ಮಹಡಿಯಲ್ಲಿ ಸ್ಲ್ಯಾಬ್ ಕೆಲಸ. ಮೆಟ್ಟಿಲಿಗೆ ಕಟಕಟೆ ಇರಲಿಲ್ಲ. ಸಿಕ್ಕ ಸಿಕ್ಕ ಕಂಬವನ್ನು ತಬ್ಬಿಕೊಳ್ಳುತ್ತ, ಕಟ್ಟದೆ ಬಿಟ್ಟ ವಿಮೆಯ ಕಂತನ್ನು ನೆನೆಯುತ್ತ ಹತ್ತಿದೆ. ಮೇಡಂ ನನಗಿಂತ ಮುಂದಿದ್ದರು.

ಮೇಲೆ ಗೋಡೆಗಳಿಲ್ಲದ ಬರೀ ನೆಲ. ಅದರಾಚೆ ಸಮುದ್ರದ ಗಾಳಿ. ವರ್ಷ ತುಂಬಿದ ಗಂಡುಮಗುವೊಂದು ಜಲ್ಲಿಕಲ್ಲು ಚೀಪುತ್ತ ಕೂತಿತ್ತು. ಅದರ ಸೊಂಟಕ್ಕೆ ಸುತ್ತಿದ್ದ ಹಳೆಯ ಸೀರೆಯ ಇನ್ನೊಂದು ತುದಿಯನ್ನು ಕಂಬದ ಕಬ್ಬಿಣದ ಸರಳಿಗೆ ಬಿಗಿದಿದ್ದರು. ನಮ್ಮನ್ನು ಕಂಡದ್ದೇ ಅದು ಬೆದರಿ, ಅಂಬೆಗಾಲಿಡುತ್ತ ಅಂಚಿನ ಕಡೆ ಹೊರಟಿತು. ಸೀರೆ ಜಗ್ಗಿತು. ಮಗು ಅಂಚಿಗೆ ಒಂದು ಮೊಳ ಉಳಿದಂತೆ ನಿಂತಿತು.

ಮೇಡಂ ಓಡಿ ಅದನ್ನು ಎದೆಗವಚಿಕೊಂಡರು. ಗಂಟು ಎಳೆದರು, ಬಿಚ್ಚಲಿಲ್ಲ. ಅಲ್ಲೇ ಬಿದ್ದಿದ್ದ, ಸಿಮೆಂಟು ಚೀಲ ಕೊಯ್ಯುವ ಚಾಕು ಎತ್ತಿಕೊಂಡು ಸೀರೆಯನ್ನು ಕತ್ತರಿಸಿಯೇ ಬಿಟ್ಟರು.

ಮಗುವಿನ ತಾಯಿ ಮಲ್ಲವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಬಂದಳು. "ಯಾರ್ರೀ ಈಕಿ? ಕೇಳಿದ್ರ ನಾ ಬಿಚ್ಚತಿದ್ದಿಲ್ಲೇನು? ಹೆಂಗ ಕೊಯ್ದಾಳ ನೋಡ್ರಿ! ನಾಳಿ ಯಾತರಿಂದ ಕಟ್ಲಿ? ಈಕಿ ಬಂದು ಹಿಡ್ಕೊಂಡು ಕೂಡ್ತಾಳೇನು?"

"ಏನನ್ನುತ್ತಿದ್ದಾಳೆ?" ಮೇಡಂ ಕೇಳಿದರು.

"ನಿಮ್ಮನ್ನು ಕಂಡು ಬಹಳ ಸಂತೋಷವಾಯಿತಂತೆ."

"ನಿಮ್ಮ ಮುಖ ಹಾಗೆ ಹೇಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ."

ಬಾಲವಾಡಿ ಹೋಯಿತು, ಜೊತೆಗೆ ನನ್ನ ನೌಕರಿಯೂ ಹೋಯಿತು ಎಂದುಕೊಂಡು, ನೆಲ ನೋಡುತ್ತ ಒಂದಕ್ಷರ ಬಿಡದೆ ಹೇಳಿದೆ. ಮೇಡಂ ಮಗುವನ್ನು ಕೆಳಗಿಳಿಸಲಿಲ್ಲ. ಅಂಚಿನ ಕಡೆ ಒಮ್ಮೆ ನೋಡಿದರು.

"ನಾಳೆ ಕಟ್ಟುವುದು ಬೇಡ, ಬಾಲವಾಡಿ ತೆರೆದಿರುತ್ತದೆ ಎಂದು ಹೇಳಿ. ಗಂಗವ್ವನಿಗೂ ಹೇಳಿ, ಅದು ಗಲೀಜಾಗಿಯೇ ಇರಲಿ."

ಗ್ರ್ಯಾಂಟ್ ಮುಂದುವರಿಯಿತು. ಕೆಲವು ವಾರಗಳ ಮೇಲೆ ಮೇಡಂ ಮಲ್ಲವ್ವನಿಗೊಂದು ಹೊಸ ಸೀರೆ ಕಳಿಸಿದರು. ಹೂಹೂವಿನ ನೈಲಾನ್ ಸೀರೆ. ನಾನೇ ಒಯ್ದು ಕೊಟ್ಟೆ. ಆಕೆ ಅದರ ಸೆರಗನ್ನು ಗಂಟು ಹಾಕಿ ಜಗ್ಗಿದಳು. ಗಂಟು ಜಾರಿತು.

"ಉಡಾಕ ಚಲೋ ಐತ್ರಿ. ಕಟ್ಟಾಕ ಬರಂಗಿಲ್ಲ."

"ಇನ್ನ ಯಾಕ ಕಟ್ಟತೀಯವ್ವ? ಬಾಲವಾಡಿ ಐತೆಲ್ಲ?"

"ಐತಾರ ನಿಮ್ಮ ಬಾಲವಾಡಿ ಬಂದ್ ಇರತೈತ್ರಿ. ಸ್ಲ್ಯಾಬಿಗೆ ಐತಾರ ಎಲ್ಲೈತಿ?"

ಭಾನುವಾರದ ರಜೆ ನಮ್ಮ ಟ್ರಸ್ಟಿನ ನಿಯಮ. ಮೇಡಂಗೆ ತಿಳಿಸಿದೆ, ನಿಯಮ ಬದಲಾಯಿತು. ಕೊಡುವ ಮುನ್ನ, ಪಡೆಯುವವರ ವಾರ ಹೇಗೆ ಕಳೆಯುತ್ತದೆ ಎಂದು ಕೇಳಬೇಕು. ಆ ನೌಕರಿ ನನಗೆ ಕಲಿಸಿದ ಪಾಠ ಇದು. ಹೆದರುವುದನ್ನು ಬಿಡಲು ಮಾತ್ರ ಕಲಿಸಲಿಲ್ಲ. ಅಷ್ಟೆಲ್ಲ ಹೆದರಿದ್ದ ಆ ದಿನ ನಿಜಕ್ಕೂ ಹಾಳಾದದ್ದು ಒಂದೇ ಒಂದು: ಮೇಡಂ ಕತ್ತರಿಸಿದ, ಗಂಟು ಗಟ್ಟಿಯಾಗಿ ನಿಲ್ಲುತ್ತಿದ್ದ ಆ ಹಳೆಯ ನೂಲಿನ ಸೀರೆ.