ಗೆರೆಯ ಮೇಲಿನ ಕಾಲಾಳು

ಫ್ರೇಮು ಕಟ್ಟುವವನ ಹೆಂಡತಿಗೆ ಗಂಡನ ಕೈ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಊರವರ ಪಟಗಳಿಗೆಲ್ಲ ಚೌಕಟ್ಟು ಹಾಕಿ ಹಾಕಿ, ಸೊಟ್ಟಗಿರುವುದು ಯಾವುದೂ ಅವನ ಕಣ್ಣಿಗೆ ಸೇರದಂತಾಗಿತ್ತು. ಹಲ್ಲುನೋವೆಂದು ಡಾಕ್ಟರ ಬಳಿ ಹೋದವನು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಬಂದಿದ್ದ. ಹಲ್ಲು ಹಾಗೇ ಇತ್ತು.

ಅಂಥವನಿಗೆ ಅವಳು ತಿಂಗಳುಗಟ್ಟಲೆ ಕೂತು ಚೆಸ್ಸಿನ ಆರಂಭದ ನಡೆಗಳನ್ನು ಕಲಿಸಿದ್ದಳು. ಎಲ್ಲ ಅವಳ ತಮ್ಮನ ದೆಸೆಯಿಂದ. ಚಿಕ್ಕವನಿದ್ದಾಗ ಅವನಿಗೆ ಆಟ ಹೇಳಿಕೊಟ್ಟವಳೂ ಅವಳೇ. ಈಗ ಕನ್ನಡಕದಂಗಡಿ ಇಟ್ಟು ದೊಡ್ಡವನಾಗಿದ್ದ. ಅಕ್ಕನ ಎದುರು ಕೂರು ಎಂದರೆ ಪುರುಸೊತ್ತಿಲ್ಲ ಎನ್ನುತ್ತಿದ್ದ. ಅಂಗಡಿಕಾರರ ಟೂರ್ನಮೆಂಟಿನಲ್ಲಿ ಅಂಗಡಿ ಇಲ್ಲದ ಅವಳಿಗೆ ಜಾಗವಿಲ್ಲ. ಅಲ್ಲಿ ಪ್ರತಿ ವರ್ಷ ಭಾವನನ್ನು ಸೋಲಿಸಿ, "ನೀವು ಮೊಳೆ ಹೊಡೀರಿ ಭಾವ, ಆಟ ನಮಗೆ ಬಿಡಿ" ಎಂದು ಹಲ್ಲು ಕಿಸಿಯುತ್ತಿದ್ದ. ಈ ಸಲ ಒಮ್ಮೆಯಾದರೂ ಅವನ ಬಾಯಿ ಮುಚ್ಚಿಸಬೇಕೆಂದು ಅವಳಿಗೆ ಹಟ.

ಆಟ ಕಲಿಸಿದಂತೆಯೇ ಶುರುವಾಯಿತು. ಗಂಡ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ, ಕುದುರೆ ತೆಗೆದ, ಇನ್ನೊಂದು ಕಾಲಾಳನ್ನು ನುಗ್ಗಿಸಿದ. ಹೊಡೆದಾಟದಲ್ಲಿ ಇಬ್ಬರದೂ ಒಂದೊಂದು ಕುದುರೆ ಹೋಗಿ, ಅವನ ಮಂತ್ರಿ ಹಲಗೆಯ ನಟ್ಟನಡುವೆ ಬಂದು ಕೂತಿತು. ತಮ್ಮ ಉಗುರು ಕಚ್ಚತೊಡಗಿದ. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೊನೆಗೆ ತಮ್ಮ ಒಂದು ಕಾಲಾಳನ್ನು ಮುಂದೆ ತಳ್ಳಿದ. ಅರ್ಧ ಮನೆಯೊಳಗೆ, ಅರ್ಧ ಗೆರೆಯ ಮೇಲೆ. ಬೇಕೆಂದೇ ಹಾಗಿಟ್ಟನೋ ಏನೋ. ಬೇಡ, ಬೇಡ ಎಂದು ಅವಳು ಮನಸ್ಸಿನಲ್ಲೇ ಬಡಿದುಕೊಳ್ಳುತ್ತಿರುವಾಗ ಗಂಡನ ಎರಡು ಬೆರಳು ಹೋಗಿ ಅದನ್ನು ಮನೆಯ ನಡುವಿಗೆ ಕೂರಿಸಿದವು.

"ಮುಟ್ಟಿದ್ರಲ್ಲ ಭಾವ, ಹೊಡೀರಿ!"

ನಿಯಮವೇ ಹಾಗೆ. ಎದುರಾಳಿಯ ಕಾಯಿ ಮುಟ್ಟಿದರೆ ಅದನ್ನು ಹೊಡೆಯಬೇಕು; 'ಸರಿ ಮಾಡ್ತೀನಿ' ಎಂದು ಮೊದಲೇ ಹೇಳಿದ್ದರೆ ಮಾತ್ರ ಮಾಫಿ. ಹೊಡೆಯಬಲ್ಲದ್ದು ಮಂತ್ರಿ ಒಂದೇ, ಕಾಲಾಳಿಗೆ ಹಿಂದೆ ಕಾವಲಿದ್ದುದರಿಂದ ಹೊಡೆದರೆ ಮಂತ್ರಿ ಹೋದಂತೆಯೇ.

"ನಾನು ಹೇಳ್ದೆ," ಎಂದ ಗಂಡ, ಮುಖ ಕೆಂಪಗೆ ಮಾಡಿಕೊಂಡು.

ತೀರ್ಪುಗಾರರು ಅವಳ ಕಡೆ ತಿರುಗಿದರು. "ನಿಮಗೆ ಕೇಳಿಸ್ತಾಮ್ಮ?"

ಒಂದು ಹೂಂ ಅಂದರೆ ಸಾಕಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಹೇಳೋದಾ? ಮದುವೆಯಾದಾಗಿಂದ ಈ ಮನುಷ್ಯ ಯಾವುದನ್ನ ಹೇಳಿ ಮುಟ್ಟಿದಾರೆ?"

ಮಂತ್ರಿ ಹೋಯಿತು, ಸ್ವಲ್ಪ ಹೊತ್ತಿಗೆ ಆಟವೂ ಹೋಯಿತು.

ಮನೆಯ ದಾರಿಯಲ್ಲಿ ಗಂಡ ಗೊಣಗಿದ. "ಒಂದು ಸುಳ್ಳು ಹೇಳೋಕೆ ನಿನಗೆ ಬಾಯಿ ಬರಲಿಲ್ಲ. ನಾನು ಗೆಲ್ತಿದ್ದೆ."

ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ನೀವಲ್ಲ ಕಣ್ರೀ," ಎಂದಳು. "ನಾನು ಗೆಲ್ತಿದ್ದೆ."