ಕೊನೆಯ ಎಸೆತಕ್ಕೆ ರಿಯಾಯಿತಿ ಬೇಡವೆಂದವರು

ಬೇಸ್‌ಬಾಲ್ ಎಸೆತಗಾರರಲ್ಲಿ ವೇಗಕ್ಕೆ ಹೆಸರಾದವರು ಕೆಲವರು, ಚಳಕಕ್ಕೆ ಹೆಸರಾದವರು ಕೆಲವರು. ಹಟಕ್ಕೆ ಹೆಸರಾದವರ ಸಾಲಿನಲ್ಲಿ ಮೊದಲು ನಿಲ್ಲಿಸಬೇಕಾದವರು ಶ್ರೀ ನಿಶಿಗಾಕಿ ತೆತ್ಸುರೊ. ಸೆತೊ ತಂಡಕ್ಕಾಗಿ ಇಪ್ಪತ್ತೊಂದು ವರ್ಷ ದುಡಿದು, ನೂರ ಹದಿನೆಂಟು ಪಂದ್ಯ ಗೆದ್ದು, ನೂರ ಇಪ್ಪತ್ತೊಂದು ಸೋತು ಅವರೀಗ ನಿವೃತ್ತರಾಗಿದ್ದಾರೆ. ಸೋಲು ಮೂರು ಹೆಚ್ಚಾಯಿತೆಂಬ ಬೇಸರ ಅವರಿಗಿಲ್ಲ. ಬೇಸರವೆಲ್ಲ ಪತ್ನಿ ಸುಮಿಯೆ ಅವರದು, ಅದೂ ಬೇರೆಯದೇ ಕಾರಣಕ್ಕೆ.

ಉವಾಜಿಮಾ ಎಂಬ ಕಡಲೂರಿನ ಮುತ್ತು ಬೆಳೆಯುವವರ ಮನೆಯ ಮಗನಾದ ಇವರನ್ನು ತಂಡ ಹದಿನೆಂಟನೆಯ ವಯಸ್ಸಿಗೆ ಆರಿಸಿಕೊಂಡಿತು. ವಸಂತದ ಶಿಬಿರದಲ್ಲಿ ಉಳಿದವರು ನೂರು ಚೆಂಡು ಎಸೆದು ಊಟಕ್ಕೆ ಕುಳಿತರೆ, ಇವರು ಇನ್ನೂರು ಎಸೆದು ಆರಿದ ಅನ್ನ ಉಣ್ಣುತ್ತಿದ್ದರು. ಮದುವೆಯಾದ ಮರುವರ್ಷ ಭುಜ ಊದಿಕೊಂಡಾಗ "ಸ್ವಲ್ಪ ಬಿಗಿದಿದೆ, ಅಷ್ಟೇ" ಎಂದವರ ಶಸ್ತ್ರಚಿಕಿತ್ಸೆಯ ಸುದ್ದಿಯನ್ನು ಸುಮಿಯೆ ಅವರು ಓದಿದ್ದು ಪತ್ರಿಕೆಯಲ್ಲಿ.

ಅಭ್ಯಾಸದಲ್ಲಿ ಇವರ ಚೆಂಡು ಹಿಡಿಯುತ್ತಿದ್ದ ಓನುಕಿ ಅವರ ಹೆಬ್ಬೆರಳು ಮುರಿದಾಗ, ಇವರು ನಲವತ್ತು ದಿನ ಅವರ ಮನೆಗೆ ಹೋಗಿ ಅವರ ತಲೆ ತೊಳೆದು ಬಂದರು. ಸ್ವಂತ ಮನೆಯ ಕೆಟ್ಟ ಬಲ್ಬು ಬದಲಿಸಲು ಮಾತ್ರ ಆ ಕೈ ಮೇಲೇಳಲಿಲ್ಲ. ಇಂಥ ದಯಾಳುತನಕ್ಕೆ ತಲೆದೂಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ಏಣಿ ಹತ್ತಿದ ಸುಮಿಯೆ ಅವರಿಗೆ ಈಗಲೂ ಬಗೆಹರಿದಿಲ್ಲ.

ವಿದಾಯದ ಪಂದ್ಯದಲ್ಲಿ ನಿವೃತ್ತರಾಗುವ ಎಸೆತಗಾರ ಒಬ್ಬನೇ ಬ್ಯಾಟುಗಾರನನ್ನು ಎದುರಿಸುವುದು, ಅವನು ಗೌರವಕ್ಕೆಂದು ಮೂರು ಸಲ ಗಾಳಿಗೆ ಬ್ಯಾಟು ಬೀಸಿ ಔಟಾಗುವುದು ಅವರ ನಾಡಿನ ಬೇಸ್‌ಬಾಲಿನ ಪದ್ಧತಿ. ಇನ್ನೊಮ್ಮೆ ಪೂರ್ತಿ ಬಲದಿಂದ ಎಸೆದರೆ ಭುಜ ಹರಿಯುತ್ತದೆಂದು ವೈದ್ಯರು ಹೇಳಿದ್ದರಿಂದ, ಸುಮಿಯೆ ಅವರು ಆ ಪದ್ಧತಿಗೆ ಮನಸ್ಸಿನಲ್ಲೇ ಕೈಮುಗಿದಿದ್ದರು.

ಪಂದ್ಯದ ದಿನ ಓನುಕಿ ಓಡಿ ಬಂದರು. "ಅಕ್ಕಾ, ನಿಮ್ಮೋರು ಆ ಬ್ಯಾಟುಗಾರ ತೊಕಿತಾನ್ನ ನಿಲ್ಲಿಸ್ಕೊಂಡು, ಬೇಕಂತ ತಪ್ಪಿಸಿದ್ರೆ ಜನ್ಮದಲ್ಲಿ ಮುಖ ನೋಡಲ್ಲ ಅಂದ್ಬಿಟ್ರು. ನಾನೀಗ ಹೂಗುಚ್ಛ ಹಿಡ್ಕೊಂಡ್ ನಿಲ್ಲಲೋ, ಐಸು ಹಿಡ್ಕೊಂಡ್ ನಿಲ್ಲಲೋ?"

ಸುಮಿಯೆ ಅವರು ಮೈದಾನದ ಓಣಿಯಲ್ಲಿ ಗಂಡನನ್ನು ಅಡ್ಡಗಟ್ಟಿದರು.

"ಇಷ್ಟು ವರ್ಷ ಆ ಭುಜ ತಂಡದ್ದಾಗಿತ್ತು. ಇವತ್ತು ಮನೆಗೆ ಬರುತ್ತೆ ಅಂದ್ಕೊಂಡ್ರೆ, ಅದನ್ನೂ ಹರ್ಕೊಂಡು ಬರ್ತೀರಾ?"

"ಒಂದೇ ಬಾಲು ಕಣೇ."

"ನಿಮ್ಮ ಒಂದು ಎಷ್ಟು ಅಂತ ನಂಗೊತ್ತಿಲ್ವಾ?"

"ಅವನು ಸುಳ್ಳು ಬ್ಯಾಟು ಬೀಸಿದ್ರೆ, ನಾನು ಗೆದ್ದಿದ್ದೆಲ್ಲ ಸುಳ್ಳು ಅನ್ಸುತ್ತೆ, ಸುಮಿಯೆ."

"ಅನ್ನಿಸ್ಲಿ! ಕೈಯಂತೂ ನಿಜವಾಗಿ ಉಳಿಯುತ್ತಲ್ಲ!"

ನಿಶಿಗಾಕಿ ಅವರು ತಲೆ ಬಾಗಿಸಿ ದಾಟಿಹೋದರು. ಎಸೆದದ್ದು ಒಂದೇ ಚೆಂಡು, ಪೂರ್ತಿ ಬಲದ್ದು. ತೊಕಿತಾ ಅದನ್ನು ಬೇಲಿಯಾಚೆ ಅಟ್ಟಿದರು. ನಿಶಿಗಾಕಿ ಅವರು ಎಡಗೈಯಿಂದ ಟೋಪಿ ತೆಗೆದು ಆ ಬ್ಯಾಟುಗಾರನಿಗೆ ವಂದಿಸಿದರು. ಎಡಗೈ ಕಂಡೊಡನೆ, ಎಸೆಯುವ ಬಲಗೈ ಹೋಯಿತೆಂದು ಸುಮಿಯೆ ಅವರಿಗೆ ತಿಳಿಯಿತು. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದಾಗ ಅವರು ಕುಳಿತೇ ಇದ್ದರು, ಒಬ್ಬರಾದರೂ ಸಿಟ್ಟಾಗಿರಬೇಕಲ್ಲ.

ಬರುವ ವಸಂತದಿಂದ ನಿಶಿಗಾಕಿ ಅವರು ಸೆತೊದ ಎರಡನೆಯ ದರ್ಜೆಯ ತಂಡದ ಎಸೆತಗಾರರಿಗೆ ಪಾಠ ಹೇಳಲಿದ್ದಾರೆ. ಅವರು ನೂರ್ಕಾಲ ಬಾಳಲಿ, ಆ ಕೆಲಸವೂ ಅವರ ಕೈಯಲ್ಲಿ ಬೆಳಗಲಿ. ಸದ್ಯ ಆ ಕೈ ಎದೆಯ ಮಟ್ಟಕ್ಕೆ ಏಳುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತ ಸುಮಿಯೆ ಅವರು ಬಯ್ಯುತ್ತಾರೆ. ನಿಶಿಗಾಕಿ ಅವರು ಗದ್ದವೆತ್ತಿ ನಿಂತು ಕೇಳಿಸಿಕೊಳ್ಳುತ್ತಾರೆ. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಬೈಗುಳ ಮುಗಿದಿರದಿದ್ದರೆ, ಸುಮಿಯೆ ಅವರು ಒಂದು ಗುಂಡಿ ಬಿಚ್ಚಿ ಮತ್ತೆ ಹಾಕುತ್ತಾರೆ.